ದಿಣ್ಣೆಯ ಮನೆಗೆ ಪಟ್ಟದ ಗೊಂಬೆ

ಮಳವಳ್ಳಿಯ ಮಿಡಲ್ ಸ್ಕೂಲಿನಲ್ಲಿ ಭೂಗೋಳ ಕಲಿಸುವ ತಿರುನಾರಾಯಣ ಮೇಷ್ಟರು ಸಿಟ್ಟು ಬಂದಾಗ ಮೊದಲು ಕನ್ನಡಕ ತೆಗೆಯುತ್ತಿದ್ದರು. ಕನ್ನಡಕ ತೆಗೆದರೆ ಎದುರಿಗಿರುವವರ ಮುಖ ಕಾಣುತ್ತಿರಲಿಲ್ಲ. ಹೀಗಾಗಿ ಅವರ ಸಿಟ್ಟು ಯಾರ ಮೇಲೆ ಹೋಗಬೇಕೋ ಅವರ ಮೇಲೆ ಹೋದ ಉದಾಹರಣೆಯೇ ಇರಲಿಲ್ಲ. ಒಮ್ಮೆ ಶಾಲೆಗೆ ಬಂದ ಇನ್ಸ್‌ಪೆಕ್ಟರನ್ನು ತರಾಟೆಗೆ ತೆಗೆದುಕೊಳ್ಳುತ್ತೇನೆಂದು ಹೊರಟು, ಗೋಡೆಗೆ ತೂಗುಹಾಕಿದ್ದ ಆಫ್ರಿಕಾ ಖಂಡವನ್ನು ಐದು ನಿಮಿಷ ಬೈದು ಬಂದಿದ್ದರು.

ಆ ಬೇಸಗೆಯಲ್ಲಿ ಕನ್ನಡಕ ಮೂಗಿನ ಮೇಲಿದ್ದುದಕ್ಕಿಂತ ಕೈಯಲ್ಲಿದ್ದುದೇ ಹೆಚ್ಚು. ಕಾರಣ, ದಿಣ್ಣೆ ಬಡಾವಣೆ.

ನಾಲೆಯ ನೀರು ಬಂದು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದು, ಸುತ್ತಲಿನವರೆಲ್ಲ ಹೊಸ ಮನೆಯ ಮಾತಾಡತೊಡಗಿದ್ದ ವರ್ಷಗಳವು. ಊರೊಳಗೆ ಜಾಗ ಸಾಲದೆ, ಊರಾಚೆಯ ದಿಣ್ಣೆಯನ್ನು ನಿವೇಶನಗಳಾಗಿ ಕತ್ತರಿಸಿ ಹಂಚಿದ್ದರು. ದಿಣ್ಣೆ ಮಾತ್ರ ತಾನೀಗ ಬಡಾವಣೆ ಎಂಬುದು ತಿಳಿಯದೆ ಮೊದಲಿನಂತೆ ಇಳಿಜಾರಾಗಿಯೇ ಮಲಗಿತ್ತು. ನೆತ್ತಿಯ ಮೇಲೆ, ಎಮ್ಮೆ ಕಟ್ಟಿ ಹಾಲು ಮಾರುವ ಮಲ್ಲಿಗಮ್ಮನ ಜಾಗ. ಅದರ ಕೆಳಗೆ ಮೇಷ್ಟರದು. ಅವರ ಕೆಳಗೆ ಬೆಲ್ಲದ ಮಂಡಿಯ ಚೌಡಯ್ಯನದು. ಎಲ್ಲರಿಗಿಂತ ಕೆಳಗೆ, ರಸ್ತೆಗೆ ತಾಗಿಕೊಂಡು, ಬಸ್ಸು ರಿಪೇರಿ ಮಾಡುವ ಅಫ್ಸರ್ ಪಾಷಾನದು.

ಷರತ್ತು ಒಂದೇ. ಒಂದು ವರ್ಷದೊಳಗೆ ಮನೆಯ ನಕ್ಷೆ ಮಂಜೂರು ಮಾಡಿಸಿ ಪಾಯ ತೆಗೆಯಬೇಕು. ಇಲ್ಲವಾದರೆ ಜಾಗ ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ. ಮೇಷ್ಟರ ನಂತರ ಪಟ್ಟಿಯಲ್ಲಿದ್ದ ಹೆಸರು, ನಕ್ಷೆಗಳನ್ನು ಪರಿಶೀಲಿಸುವ ಸಮಿತಿಯ ಅಧ್ಯಕ್ಷರಾದ ನಿವೃತ್ತ ಶೇಕದಾರ ಯೋಗಾನರಸಿಂಹಯ್ಯನವರ ಅಳಿಯನದು. ಇದು ಕೇವಲ ಆಕಸ್ಮಿಕವೆಂದು ಅಧ್ಯಕ್ಷರು ಕೇಳದವರಿಗೂ ಹೇಳುತ್ತಿದ್ದರು.

ಮೇಷ್ಟರ ನಕ್ಷೆ ಮೂರು ಸಲ ಹಿಂದಿರುಗಿತ್ತು. ಮೊದಲ ಸಲ ಶಾಯಿ ನೀಲಿಯಾಗಿದೆಯೆಂದು. ಎರಡನೆಯ ಸಲ ಅಂಚಿನಲ್ಲಿ ಜಾಗ ಬಿಟ್ಟಿಲ್ಲವೆಂದು. ಮೂರನೆಯ ಸಲ ಅಂಚು ಹೆಚ್ಚಾಯಿತೆಂದು. ಈಗ ಗಡುವಿಗೆ ಉಳಿದಿದ್ದದ್ದು ಹತ್ತು ದಿನ. ಮುಂದಿನ ವಾರದ ಗುರುವಾರ ಬೆಳಿಗ್ಗೆ ಕೊನೆಯ ಮುಹೂರ್ತ. ಶುಕ್ರವಾರ ಅಮಾವಾಸ್ಯೆ, ಅಂದೇ ವರ್ಷ ತುಂಬುವುದು. ಆಮೇಲೆ ಆಷಾಢ.

ಮೇಷ್ಟರ ಹೆಂಡತಿ ವೇದವತಿ ಈ ದಿನಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದರು. ಅವರ ಬಾಡಿಗೆ ಮನೆಯ ಅಡುಗೆಮನೆಗೂ ಮಾಲೀಕರ ಕೊಟ್ಟಿಗೆಗೂ ನಡುವೆ ಇದ್ದದ್ದು ಒಂದು ತಡಿಕೆ. ತಡಿಕೆಯಲ್ಲಿ ಒಂದು ಕಂಡಿ. ಆ ಕಂಡಿಯಲ್ಲಿ ಹನ್ನೊಂದು ವರ್ಷಗಳಿಂದ ಒಂದಲ್ಲ ಒಂದು ಹಸುವಿನ ಮುಖ. ಸಾರಿಗೆ ಒಗ್ಗರಣೆ ಹಾಕಿದರೆ ಹಸು ಸೀನುತ್ತಿತ್ತು.

"ಮರಿಸಿದ್ದಯ್ಯನಿಗೆ ಹೇಳಿ ನಕ್ಷೆ ಬರೆಸಿ ಅಂತ ಸಂಕ್ರಾಂತಿಯಿಂದ ಬಡಕೊಂಡೆ," ಎಂದರು ವೇದವತಿ. ಮರಿಸಿದ್ದಯ್ಯ ಊರಿನ ಗಾರೆ ಮೇಸ್ತ್ರಿ. ಅರ್ಧ ಮಳವಳ್ಳಿ ಅವನ ಕರಣೆಯ ಕೆಳಗೆ ಎದ್ದದ್ದು.

"ಅವನಿಗೇನು ಗೊತ್ತು ಮಟ್ಟದ ಶಾಸ್ತ್ರ?" ಎಂದರು ಮೇಷ್ಟರು.

ಹಿಂದೊಮ್ಮೆ ಸರ್ವೆಯವರು ಊರಿಗೆ ಬಂದಿದ್ದಾಗ ಮೇಷ್ಟರು ಹದಿನೈದು ದಿನ ಅವರ ಅಳತೆಗೋಲನ್ನು ಹಿಡಿದು ಬಿಸಿಲಲ್ಲಿ ನಿಂತಿದ್ದರು. ಅಂದಿನಿಂದ ಭೂಮಿಯ ಉಬ್ಬುತಗ್ಗುಗಳ ವಿಷಯದಲ್ಲಿ ಬೇರೆಯವರು ಬಾಯಿ ತೆರೆಯುವುದೇ ಅವರಿಗೆ ಅಸಭ್ಯವಾಗಿ ಕಾಣುತ್ತಿತ್ತು. ಯಾರಾದರೂ ತೆರೆದರೆ ತಿದ್ದದೆ ಬಿಡುತ್ತಿರಲಿಲ್ಲ.

ಬುಧವಾರ ಸಮಿತಿ ಸೇರಿತು. ಅಧ್ಯಕ್ಷರು ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಸತ್ತ ಹಾವನ್ನು ನೋಡುವಂತೆ ದೂರದಿಂದಲೇ ನೋಡಿದರು.

"ಮನೆಯೊಳಗೆ ಮೆಟ್ಟಿಲು ಯಾಕೆ ಮೇಷ್ಟ್ರೇ?"

"ನೆಲ ಇಳಿಜಾರು ಸ್ವಾಮಿ. ನೆಲ ಇಳಿದ ಹಾಗೆ ಮನೆಯೂ ಇಳಿಯುತ್ತೆ. ಪಡಸಾಲೆಯಿಂದ ಮೂರು ಮೆಟ್ಟಿಲು ಇಳಿದರೆ ನಡುಮನೆ. ಅಲ್ಲಿಂದ ಮೂರು ಇಳಿದರೆ ಅಡುಗೆಮನೆ."

"ಊಟಕ್ಕೆ ಹೋಗೋದೋ ಬಾವಿಗೆ ಇಳಿಯೋದೋ?" ಎಂದು ಅಧ್ಯಕ್ಷರು ನಕ್ಕರು. ಸದಸ್ಯನೂ ಆಗಿದ್ದ ಚೌಡಯ್ಯ ಅಧ್ಯಕ್ಷರಿಗಿಂತ ಒಂದು ಕ್ಷಣ ತಡವಾಗಿ, ಎರಡರಷ್ಟು ನಕ್ಕ.

ಬಳಿಕ ಅಧ್ಯಕ್ಷರು ನಿಯಮ ಓದಿದರು. ಅವರು ಮೈಸೂರಿನಲ್ಲಿ ಒಂದು ರಸ್ತೆ ನೋಡಿದ್ದರು. ಅಲ್ಲಿ ಎಲ್ಲ ಮನೆಗಳ ಮಾಳಿಗೆಯೂ ಗೆರೆ ಎಳೆದಂತೆ ಒಂದೇ ಎತ್ತರ. ಕಣ್ಣಿಗೆ ಹಬ್ಬ. ಆದ್ದರಿಂದ ದಿಣ್ಣೆ ಬಡಾವಣೆಯಲ್ಲೂ ಸಾಲಿನ ಎಲ್ಲ ಮಾಳಿಗೆಗಳು ಒಂದೇ ಮಟ್ಟದಲ್ಲಿರತಕ್ಕದ್ದು.

"ಆ ರಸ್ತೆ ಸಮತಟ್ಟು ಸ್ವಾಮಿ! ಇದು ದಿಣ್ಣೆ!" ಮೇಷ್ಟರು ಕನ್ನಡಕ ತೆಗೆದರು. "ತಮಗೆ ಮಟ್ಟ ಅಂದರೆ ಏನು ಅಂತಲೇ ತಿಳಿದಂತಿಲ್ಲ!"

ಕನ್ನಡಕ ಇಲ್ಲದ ಕಾರಣ ಈ ಮಾತನ್ನು ಅವರು ಹೇಳಿದ್ದು ಬಾಗಿಲಲ್ಲಿ ನಿಂತ ಜವಾನನಿಗೆ. ಆದರೆ ಕೇಳಿಸಿದ್ದು ಅಧ್ಯಕ್ಷರಿಗೆ. ಮೂವತ್ತೆರಡು ವರ್ಷ ಸರ್ಕಾರದ ಅನ್ನ ತಿಂದ ಆ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು.

"ಈ ಗೆರೆಗಳಿಂದ ನಮಗೇನೂ ತಿಳಿಯೋದಿಲ್ಲ. ಬಡಾವಣೆಯ ಮಾದರಿ ಮಾಡಿ ತನ್ನಿ. ಯಾರ ಮನೆ ಎಲ್ಲಿ, ಎಷ್ಟು ಎತ್ತರ, ಎಲ್ಲ ಕಾಣಬೇಕು. ಮಂಗಳವಾರ ಸಂತೆಯ ದಿನ ಕಚೇರಿಯ ಜಗಲಿಯ ಮೇಲಿಡಿ. ಜನ ನೋಡಿ ತಕರಾರಿದ್ದರೆ ಹೇಳಲಿ. ಬುಧವಾರ ತೀರ್ಮಾನ."

ಒಂದು ಇಳಿಜಾರಿನ ಮಾದರಿ ಮಾಡುವುದು ಹೇಗೆ? ಮಣ್ಣಿನಲ್ಲಿ ಮಾಡಿದರು, ಒಣಗಿ ಬಿರುಕು ಬಿಟ್ಟಿತು. ರಟ್ಟಿನಲ್ಲಿ ಮಾಡಿದರು, ಹಸು ಕಂಡಿಯಿಂದ ನಾಲಗೆ ಚಾಚಿ ಎಳೆದುಕೊಂಡಿತು. ಸೋಮವಾರ ವೇದವತಿ ಹೊಳಲಿನ ಅಕ್ಕನ ಮನೆಗೆ ಸೀಮಂತಕ್ಕೆ ಹೋಗಿದ್ದಾಗ, ಅಟ್ಟದ ಮೇಲೆ ಬಟ್ಟೆ ಮುಚ್ಚಿಟ್ಟಿದ್ದ ದಸರಾ ಗೊಂಬೆಯ ಹಲಗೆ ಮೆಟ್ಟಿಲು ಮೇಷ್ಟರ ಕಣ್ಣಿಗೆ ಬಿತ್ತು. ನಾಲ್ಕು ಮೆಟ್ಟಿಲು ಜೋಡಿಸಿದರು. ಸಾಕ್ಷಾತ್ ದಿಣ್ಣೆ! ಇನ್ನು ಮನೆಗಳು? ಪಕ್ಕದಲ್ಲೇ ಗೊಂಬೆಗಳ ಪೆಟ್ಟಿಗೆ ಇತ್ತು.

ಮೇಷ್ಟರ ಬುದ್ಧಿ ಕೆಲಸ ಮಾಡಿದ ಕ್ರಮವನ್ನು ನ್ಯಾಯವಾಗಿ ಹೇಳಬೇಕು. ಅವರಿಗೆ ಯಾರನ್ನೂ ಹೀಗಳೆಯುವ ಉದ್ದೇಶವಿರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಇಡುವುದು ಪಟ್ಟದ ಗೊಂಬೆ, ರಾಜ ಮತ್ತು ರಾಣಿ, ಅದು ಸಂಪ್ರದಾಯ. ದಿಣ್ಣೆಯ ಮೇಲಿನ ಜಾಗ ಮಲ್ಲಿಗಮ್ಮನದು. ಆದ್ದರಿಂದ ರಾಣಿ ಎಂದರೆ ಮಲ್ಲಿಗಮ್ಮ. ಪಟ್ಟದ ಗೊಂಬೆಗಳನ್ನು ಅಗಲಿಸಿದರೆ ಮನೆ ಎರಡಾಗುತ್ತದೆಂದು ವೇದವತಿ ಹನ್ನೊಂದು ವರ್ಷದಿಂದ ಹೇಳುತ್ತಿದ್ದುದರಿಂದ ರಾಜನನ್ನೂ ಪಕ್ಕದಲ್ಲೇ ನಿಲ್ಲಿಸಿದರು. ತಮ್ಮ ಮೆಟ್ಟಿಲಿಗೆ ಕೈಗೆ ಸಿಕ್ಕಿದ ಕೃಷ್ಣನನ್ನಿಟ್ಟರು. ಚೌಡಯ್ಯನದು ವ್ಯಾಪಾರ, ಅವನಿಗೆ ತಕ್ಕಡಿ ಹಿಡಿದ ಡೊಳ್ಳು ಹೊಟ್ಟೆಯ ಶೆಟ್ಟಿ ಗೊಂಬೆಗಿಂತ ಒಪ್ಪುವುದು ಯಾವುದು? ಅಫ್ಸರ್ ಪಾಷಾನದು ವಾಹನದ ಕೆಲಸ. ಅವನಿಗೆ ಕುದುರೆ ಸವಾರ. ಗೊಂದಲವಾಗಬಾರದೆಂದು ಪ್ರತಿ ಗೊಂಬೆಯ ಕುತ್ತಿಗೆಗೂ ದಾರ ಕಟ್ಟಿ, ದುಂಡಗಿನ ಅಕ್ಷರದಲ್ಲಿ ಆಯಾ ಜನರ ಹೆಸರು ಬರೆದ ಚೀಟಿ ತೂಗುಹಾಕಿದರು.

ದುಂಡಗಿನ ಅಕ್ಷರದಿಂದ ಇಷ್ಟು ಅನಾಹುತವಾದದ್ದು ಆ ತಾಲ್ಲೂಕಿನಲ್ಲಿ ಅದೇ ಮೊದಲು.

ಮಂಗಳವಾರ ಹತ್ತು ಗಂಟೆಗೆ ಜಗಲಿಯ ಮುಂದೆ ಸಂತೆಗಿಂತ ದೊಡ್ಡ ಸಂತೆ ನೆರೆದಿತ್ತು. ಓದು ಬಂದವರು ಬಾರದವರಿಗೆ ಚೀಟಿ ಓದಿ ಹೇಳುತ್ತಿದ್ದರು. ಹಾಲಿನ ಚೊಂಬು ಸೊಂಟಕ್ಕಿಟ್ಟುಕೊಂಡು ಬಂದ ಮಲ್ಲಿಗಮ್ಮನನ್ನು ಕಂಡು ಜನ ತಾವಾಗಿಯೇ ದಾರಿ ಬಿಟ್ಟರು. ಅವಳು ಗೊಂಬೆಯನ್ನು ನೋಡಿದಳು. ಪಕ್ಕದ ಗೊಂಬೆಯನ್ನೂ ನೋಡಿದಳು.

"ಮೇಷ್ಟ್ರೇ, ನನ್ ಗಂಡ ಸತ್ತು ಅನ್ನೆಲ್ಡು ವರ್ಸ ಆಯ್ತು. ನನ್ ಪಕ್ಕದಲ್ಲಿ ಕಿರೀಟ ಇಕ್ಕಂಡು ನಿಂತವ್ನಲ್ಲ, ಇವ್ನ್ಯಾರು?"

"ಅದು ಜೋಡಿ ಕಣಮ್ಮ. ಬಿಡಿಸಬಾರದು."

"ಯಾರ್ ಕಟ್ಟುದ್ರು ಜೋಡಿಯ? ನೀವ್ ಕಟ್ಟುದ್ರಾ? ದಿನಾ ನಾಕ್ ಗಂಟ್ಗೆದ್ದು ಎಮ್ಮೆ ಸಗಣಿ ಬಾಚಿ ಮಾನ್ವಾಗಿ ಬದುಕ್ತಾ ಇವ್ನಿ. ಸಂತೇಲಿ ಜನ ನನ್ ಮಕ ನೋಡಿ ಕಿಸಕ್ ಅಂತವ್ರೆ!"

ಅಷ್ಟರಲ್ಲಿ ಜನರ ನಡುವೆ ಚೌಡಯ್ಯನ ದನಿ ಕೇಳಿಸಿತು. ಅವನು ಶೆಟ್ಟಿ ಗೊಂಬೆಯ ಎದುರು ನಿಂತು ಅದರ ಹೊಟ್ಟೆಯನ್ನೂ ತನ್ನ ಹೊಟ್ಟೆಯನ್ನೂ ಬಾರಿಬಾರಿಗೆ ನೋಡುತ್ತಿದ್ದ.

"ನಂದು ಇಷ್ಟೊಂದೈತಾ? ಏಳ್ರಲಾ, ಐತಾ?"

ಮಂಡಿಯ ಹಮಾಲಿಗಳು ನೆಲ ನೋಡಿದರು.

"ಓಗ್ಲಿ ಬುಡಿ. ಒಟ್ಟೆ ದೇವ್ರು ಕೊಟ್ಟದ್ದು. ಆದ್ರೆ ತಾವ್ ಮಾತ್ರ ಕೃಷ್ಣ ಪರಮಾತ್ಮ, ಮ್ಯಾಲೆ ನಿಂತ್ಕಂಡು ಕೊಳ್ಲು ಊದದು. ನಾನು ಕೆಳಗ್ ಕುಂತು ಅಕ್ಕಿ ತೂಗದು! ನಾನು ಸಮಿತಿ ಮೆಂಬ್ರು ಕಣ್ರೀ! ನನ್ ಮೆಟ್ಲು ಎಲ್ಲೈತೆ, ನಿಮ್ ಮೆಟ್ಲು ಎಲ್ಲೈತೆ?"

"ಅದು ಭೂಮಿಯ ಏರಿಳಿತ ಚೌಡಯ್ಯ, ನಾನು ಮಾಡಿದ್ದಲ್ಲ."

"ಭೂಮಿ ಚೀಟಿ ಬರೀತದಾ?"

ಮೇಷ್ಟರು ಕನ್ನಡಕ ತೆಗೆದು, ಚೌಡಯ್ಯನೆಂದು ಭಾವಿಸಿ ಒಂದು ಹತ್ತಿಬೀಜದ ಮೂಟೆಗೆ ಉಬ್ಬುತಗ್ಗಿನ ತತ್ವವನ್ನು ಖಾರವಾಗಿ ವಿವರಿಸಿದರು.

ಇಡೀ ಸಂತೆಯಲ್ಲಿ ತೃಪ್ತನಾಗಿದ್ದವನು ಅಫ್ಸರ್ ಪಾಷಾ ಒಬ್ಬನೇ. ಕೈಯ ಗ್ರೀಸನ್ನು ಒರೆಸಿಕೊಂಡು ಕುದುರೆಯನ್ನು ಎತ್ತಿ ನೋಡಿ, "ಕಾಲು ಬಲವಾಗಿದೆ," ಎಂದ. "ಮೇಷ್ಟ್ರೇ, ಇದರ ಮುಖ ರಸ್ತೆ ಕಡೆ ತಿರುಗಿಸಲಾ? ಗಾಡಿ ಯಾವಾಗಲೂ ರಸ್ತೆಗೆ ಮುಖ ಮಾಡಿ ನಿಲ್ಲಿಸ್ಬೇಕು." ಅವನ ಸಂತೋಷದಿಂದ ಚೌಡಯ್ಯನ ಹೊಟ್ಟೆಗೆ ಇನ್ನಷ್ಟು ಬೆಂಕಿ ಬಿತ್ತು. ಎಲ್ಲರಿಗಿಂತ ಕೆಳಗಿನವನಿಗೆ ಕುದುರೆ, ಮೆಂಬರಿಗೆ ತಕ್ಕಡಿ!

ಸಂಜೆ ಹೊಳಲಿನಿಂದ ಬಸ್ಸಿಳಿದ ವೇದವತಿಗೆ ಮನೆ ತಲಪುವುದರೊಳಗೆ ಏಳು ಜನ ಏಳು ಬಗೆಯಲ್ಲಿ ಸುದ್ದಿ ಹೇಳಿದರು. ಅವರು ಕೂಗಾಡಲಿಲ್ಲ. ಖಾಲಿ ಅಟ್ಟವನ್ನು ನೋಡಿದರು. ಗಂಡನನ್ನು ನೋಡಿದರು. ತಡಿಕೆಯ ಕಂಡಿಯಲ್ಲಿದ್ದ ಹಸುವಿಗೆ ಹೇಳಿದರು:

"ನಿನಗಾದರೂ ಹೇಳಿದರೆ ತಿಳಿಯುತ್ತೆ."



ಬುಧವಾರ ಸಮಿತಿಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಜಿನ ಮೇಲೆ ಗೊಂಬೆ ಮೆಟ್ಟಿಲು. ಅದರ ಒಂದು ಕಡೆ ಅಧ್ಯಕ್ಷರು, ಎದುರಿಗೆ ಅಪರಾಧಿಯ ಭಂಗಿಯಲ್ಲಿ ಮೇಷ್ಟರು. ಮಲ್ಲಿಗಮ್ಮ ಚೊಂಬಿನ ಸಮೇತ ನೆಲದ ಮೇಲೆ ಕೂತಿದ್ದಳು. ಹೆಂಗಸರು ಬರುವ ಪದ್ಧತಿಯಿಲ್ಲದ ಆ ಕಚೇರಿಯ ಬಾಗಿಲಲ್ಲಿ ವೇದವತಿ ಸೆರಗು ಹೊದ್ದು ನಿಂತಿದ್ದರು. ಗೊಂಬೆಗಳು ಅವರ ತಾಯಿ ಕೊಟ್ಟವು, ಬಿಟ್ಟು ಹೋಗುವ ಹಾಗಿರಲಿಲ್ಲ. ಅವರ ಹಿಂದೆ ಮರಿಸಿದ್ದಯ್ಯ.

"ನಿಯಮ ನಿಯಮವೇ," ಎಂದರು ಅಧ್ಯಕ್ಷರು ಪ್ರಸನ್ನರಾಗಿ. "ಮಾಳಿಗೆಗಳೆಲ್ಲ ಒಂದೇ ಮಟ್ಟ. ಈ ನಕ್ಷೆ ಅದಕ್ಕೆ ಒಪ್ಪೋದಿಲ್ಲ. ನೆರೆಯವರಿಗೂ ಒಪ್ಪಿಗೆ ಇಲ್ಲ. ಅಲ್ಲವಾ ಚೌಡಯ್ಯ?"

"ಇಲ್ವೇ ಇಲ್ಲ!" ಎಂದ ಚೌಡಯ್ಯ.

"ನಂಗೂ ಇಲ್ಲ," ಎಂದಳು ಮಲ್ಲಿಗಮ್ಮ.

ಮೇಷ್ಟರು ಸಮುದ್ರಮಟ್ಟದಿಂದ ಆರಂಭಿಸಿ ವಿವರಿಸಲು ಬಾಯಿ ತೆರೆದರು. ಅವರು ದಡ ಸೇರುವ ಮೊದಲೇ ಮರಿಸಿದ್ದಯ್ಯ ಮುಂದೆ ಬಂದು, ಸೊಂಟದಿಂದ ಗಾರೆ ಕೆಲಸದ ದಾರ ತೆಗೆದು, ಒಂದು ತುದಿಯನ್ನು ಜವಾನನ ಕೈಗೆ ಕೊಟ್ಟ.

"ಬುದ್ದಿ, ಈ ದಾರ್ವೇ ಮಾಳ್ಗೆ ಅಂದ್ಕಳಿ. ಚೌಡಪ್ಪಾರ್ ಮನೆಗೆ ಸರ್ಯಾಗಿ ಇಡಿತೀನಿ." ದಾರವನ್ನು ಶೆಟ್ಟಿ ಗೊಂಬೆಯ ತಲೆಯ ಮೇಲೆ ಹಾಯಿಸಿ ನೇರವಾಗಿ ಎಳೆದ. ಅದು ಕೃಷ್ಣನ ಮೊಣಕಾಲಿಗೆ ತಾಗಿ, ಮೇಲಿನ ಮೆಟ್ಟಿಲ ಹಲಗೆಗೇ ಬಡಿಯಿತು. "ನೋಡಿ. ಮೇಷ್ಟ್ರಿಗೆ ಮೊಣಕಾಲ್ಗಂಟ ಮನೆ. ಮಲ್ಲಿಗವ್ವಂಗೆ ಮನೆನೇ ಇಲ್ಲ. ನೆಲ ಬಗ್ದು ಒಳೀಕ್ ಓಗ್ಬೇಕು."

ಮಲ್ಲಿಗಮ್ಮ ಎದ್ದಳು. "ಯಾರ್ ಮಾಡುದ್ರು ಈ ನಿಯ್ಮವ?"

"ಇಲ್ಲಾಂದ್ರೆ ಮಲ್ಲಿಗವ್ವಂಗೆ ಸರ್ಯಾಗಿ ಇಡೀಲಾ?" ಮರಿಸಿದ್ದಯ್ಯ ದಾರವನ್ನು ರಾಣಿಯ ತಲೆಗೆ ಏರಿಸಿದ. ಕೆಳಗೆ ಶೆಟ್ಟಿ ಮೂರು ಗೇಣು ಆಳದಲ್ಲಿ ಉಳಿದ. "ಚೌಡಪ್ಪಾರ್ ಗೋಡೆ ತೆಂಗಿನ್ ಮರದಷ್ಟು. ಪಾಷಾ ಸಾಬ್ರುದು ಅದ್ಕೂ ಮ್ಯಾಲೆ ಒಂದ್ ತೆಂಗಿನ್ ಮರ."

"ಇಟ್ಟಿಗೆ ಯಾರ್ ಕೊಡ್ತಾರೆ, ಅವ್ರಪ್ಪ?" ಎಂದ ಚೌಡಯ್ಯ, ತಾನು ಯಾವ ಕಡೆಯ ಕುರ್ಚಿಯಲ್ಲಿ ಕೂತಿದ್ದೇನೆಂಬುದನ್ನು ಮರೆತು.

ಮೂರು ತಿಂಗಳಿಂದ ಮೇಷ್ಟರು ಶಾಯಿ, ಕಾಗದ, ಕೋಪ ಎಲ್ಲ ಸುರಿದು ಹೇಳಲಾರದ್ದನ್ನು ಒಂದು ದಾರ ಹೇಳಿತು. ಮಲ್ಲಿಗಮ್ಮ ಅಧ್ಯಕ್ಷರ ಹತ್ತಿರ ಬಂದಳು. ಚೊಂಬು ಇನ್ನೂ ಅವಳ ಕೈಯಲ್ಲಿತ್ತು.

"ಸ್ವಾಮಿ, ಎಮ್ಮೆ ಕಟ್ಟದೆಲ್ಲಿ? ಅದೂ ನೆಲ ಬಗ್ಕಂಡು ಬರ್ಬೇಕಾ? ನಿಮ್ಗೆ ಹಾಲ್ ಬೇಕಾ, ಬ್ಯಾಡ್ವಾ?"

ಹಾಲಿನ ಮಾತು ಬಂದಾಗ ನಿಯಮ ಸ್ವಲ್ಪ ಬಾಗಿತು. ಮಾಳಿಗೆಯ ವಿಷಯವನ್ನು ಮತ್ತೆ ಪರಿಶೀಲಿಸಲಾಗುವುದೆಂದು ಅಧ್ಯಕ್ಷರು ಗೊಣಗಿದರು. ಆದರೆ ಮೂವತ್ತೆರಡು ವರ್ಷದ ಶೇಕದಾರಿಕೆ ಒಂದು ದಾರಕ್ಕೆ ಸೋಲುವಂಥದಲ್ಲ. ಅವರು ಮೇಷ್ಟರನ್ನು ನೋಡಿದರು. ಹದಿನೈದು ದಿನ ಗೋಲು ಹಿಡಿದ ಗರ್ವ ಆ ಮುಖದಲ್ಲಿ ಇನ್ನೂ ಇತ್ತು. ಅಲ್ಲಿಯೇ ಅವರಿಗೆ ದಾರಿ ಕಂಡಿತು.

"ಸರಿ. ನಕ್ಷೆಗೆ ಸಹಿ ಹಾಕ್ತೀನಿ. ಆದರೆ ನಿನ್ನೆ ಸಂತೆಯಲ್ಲಿ ನಾಲ್ಕು ಜನರ ಮಾನ ಹೋಗಿದೆ. ಮೊದಲು ತಪ್ಪೊಪ್ಪಿಗೆ ಬರೆದುಕೊಡಿ. ನಾನು ಹೇಳ್ತೀನಿ, ಬರ್ಕೊಳ್ಳಿ."

ಮೇಷ್ಟರು ಹಲ್ಲು ಕಚ್ಚಿ ಬರೆಯತೊಡಗಿದರು.

"ಕೆಳಗೆ ಸಹಿ ಮಾಡಿರುವ ನಾನು ಶ್ರೀಕೃಷ್ಣನಲ್ಲವೆಂದೂ, ಹಿಂದೆಯೂ ಆಗಿರಲಿಲ್ಲವೆಂದೂ ಒಪ್ಪಿಕೊಂಡಿದ್ದೇನೆ."

"ಆ ಕಿರೀಟದವ್ನು ನಂಗೆ ಏನೂ ಆಗ್ಬೇಕಿಲ್ಲ ಅಂತ ಬರ್ಸಿ," ಎಂದಳು ಮಲ್ಲಿಗಮ್ಮ. "ದೂರದ್ ನೆಂಟ್ನೂ ಅಲ್ಲ."

ಬರೆದರು.

"ನನ್ ಒಟ್ಟೆ ಅಂಗಿಲ್ಲ ಅಂತ," ಎಂದ ಚೌಡಯ್ಯ. "ಮತ್ತೆ, ಜಾಗ ಕೆಳಗಿದ್ರೂ ಆಸಾಮಿ ಕೆಳಗಿಲ್ಲ ಅಂತ."

ಬರೆದರು. ನಿಬ್ಬು ಕಾಗದವನ್ನು ಎರಡು ಕಡೆ ಹರಿದಿತ್ತು.

"ನನಗೆ ಯಾವ ತಕರಾರೂ ಇಲ್ಲ ಅಂತ ಅದರಲ್ಲೇ ಸೇರಿಸಿ," ಎಂದ ಅಫ್ಸರ್ ಪಾಷಾ. "ನಾಳೆ ಕುದುರೆ ವಿಷಯ ಯಾರೂ ಕೇಳಬಾರದು."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಕೊನೆಯ ವಾಕ್ಯವನ್ನು ಒಂದೊಂದೇ ಪದವಾಗಿ ಹೇಳಿದರು: "ಮಟ್ಟ ಎಂದರೆ ಏನೆಂಬುದು, ಸಮಿತಿಯ ಅಧ್ಯಕ್ಷರಿಗೆ, ನನಗಿಂತ ಚೆನ್ನಾಗಿ, ತಿಳಿದಿದೆ."

ಲೇಖನಿ ನಿಂತಿತು. ಕೃಷ್ಣನಲ್ಲವೆಂದು ಒಪ್ಪಿದ ಕೈ ಇದನ್ನು ಒಪ್ಪಲಿಲ್ಲ. ಮೇಷ್ಟರ ಕೈ ಕನ್ನಡಕಕ್ಕೆ ಹೋಯಿತು.

"ಇದನ್ನ ನಾನು ಬರೆಯೋದಿಲ್ಲ. ಇದು ಸುಳ್ಳು!"

"ಬಲವಂತವಿಲ್ಲ," ಎಂದು ಅಧ್ಯಕ್ಷರು ನಕ್ಷೆಯನ್ನು ಸುರುಳಿ ಸುತ್ತತೊಡಗಿದರು. "ಶುಕ್ರವಾರಕ್ಕೆ ಅಳಿಯ ಬರ್ತಾನೆ."

ಬಾಗಿಲಿಂದ ದನಿ ಬಂತು. ನಾಲ್ಕು ಜನರ ಎದುರಿಗೆ ವೇದವತಿ ದನಿ ಎತ್ತಿದ್ದು ಅಂದೇ ಮೊದಲು.

"ಬರೀರಿ."

"ವೇದಾ, ಇದು ಶಾಸ್ತ್ರದ ಪ್ರಶ್ನೆ..."

"ಹನ್ನೊಂದು ವರ್ಷ ಹಸು ಮುಖ ನೋಡಿಕೊಂಡು ಅನ್ನ ಮಾಡಿದ್ದೀನಿ. ಅದರ ಎಂಜಲು ಬೀಳದೆ ಒಂದು ದಿನವೂ ಒಲೆ ಹಚ್ಚಿಲ್ಲ. ಶಾಸ್ತ್ರ ನಿಮ್ಮ ಹತ್ತಿರ ಇರಲಿ, ಯಾರೂ ಕಿತ್ತುಕೊಳ್ಳೋದಿಲ್ಲ. ನನಗೆ ಗೋಡೆ ಬೇಕು. ಬರೀರಿ."

ಮಲ್ಲಿಗಮ್ಮ ಮೆಲ್ಲಗೆ, "ಬರ್ದ್ಬುಡಿ ಮೇಷ್ಟ್ರೇ, ಪಾಪ ಎಣ್ಣೆಂಗ್ಸು," ಎಂದಳು. ಸಂತೆಯಲ್ಲಿ ಮಾನ ಕಳೆದುಕೊಂಡವಳೇ ಹಾಗೆ ಹೇಳಿದ ಮೇಲೆ ಚೌಡಯ್ಯನೂ ತಲೆಯಾಡಿಸಿದ. ಮೇಷ್ಟರು ಬರೆದರು. ಅಕ್ಷರ ದುಂಡಗಿರಲಿಲ್ಲ.

ಇನ್ನು ಅಧ್ಯಕ್ಷರಿಗೆ ದಾರಿಯಿರಲಿಲ್ಲ. ಇಪ್ಪತ್ತು ಜನರ ಎದುರಿಗೆ ಕೊಟ್ಟ ಮಾತು. ಅವರು ಸುರುಳಿಯನ್ನು ಮತ್ತೆ ಬಿಚ್ಚಿ, ಕಾಗದದ ಮೇಲೆ ಅಂಗೈ ಒತ್ತಿ ಹಿಡಿದು, ಲೇಖನಿಯನ್ನು ಶಾಯಿಗೆ ಅದ್ದಿದರು. ಮೇಷ್ಟರು ಎದುರಿನಿಂದ ನೋಡಿದರು. ಎದುರಿನಿಂದ ನೋಡುವವರಿಗೆ ನಕ್ಷೆ ತಲೆಕೆಳಗಾಗಿ ಕಾಣಬೇಕು. ಆದರೆ ಅವರಿಗೆ ಪಡಸಾಲೆ, ನಡುಮನೆ, ಅಡುಗೆಮನೆ, ಮೆಟ್ಟಿಲುಗಳು ಎಲ್ಲ ಅಚ್ಚುಕಟ್ಟಾಗಿ, ನೆಟ್ಟಗೆ ಕಾಣುತ್ತಿದ್ದವು.

ಮಟ್ಟವನ್ನು ಮೇಷ್ಟರಿಗಿಂತ ಚೆನ್ನಾಗಿ ಬಲ್ಲ ಅಧ್ಯಕ್ಷರು ಮನೆಯನ್ನು ತಲೆಕೆಳಗು ಹಿಡಿದಿದ್ದರು.

ಮೇಷ್ಟರ ತುಟಿ ಬಿಚ್ಚಿತು. ಇಪ್ಪತ್ತು ವರ್ಷ ಮಕ್ಕಳ ನಕಾಶೆ ತಿದ್ದಿದ ಕೈಬೆರಳು ತಾನಾಗಿ ಮೇಲೆದ್ದಿತು. ಒಂದೇ ಒಂದು ಮಾತು ಸಾಕಿತ್ತು. ಆ ಒಂದು ಮಾತಿಗೆ ಅಧ್ಯಕ್ಷರ ಮುಖ ಏನಾಗುತ್ತದೆಂದು ನೋಡಲು ಅವರು ಅರ್ಧ ಆಯುಷ್ಯ ಕೊಡಬಲ್ಲವರಾಗಿದ್ದರು. ಬಾಗಿಲ ಕಡೆ ಕಣ್ಣು ಹೋಯಿತು. ವೇದವತಿ ಲೇಖನಿಯ ತುದಿಯನ್ನೇ ನೋಡುತ್ತಿದ್ದರು.

"ಏನು?" ಎಂದರು ಅಧ್ಯಕ್ಷರು ತಲೆಯೆತ್ತಿ. "ಏನಾದರೂ ಹೇಳೋದಿದೆಯಾ?"

"ಇಲ್ಲ ಸ್ವಾಮಿ," ಎಂದರು ತಿರುನಾರಾಯಣ ಮೇಷ್ಟರು. "ಸರಿಯಾಗಿದೆ. ಹಾಕಿ."

ಗುರುವಾರ ಬೆಳಿಗ್ಗೆ ಮರಿಸಿದ್ದಯ್ಯ ಪಾಯ ತೆಗೆದ. ದೀಪಾವಳಿಯ ವೇಳೆಗೆ ಮನೆ ಎದ್ದಿತು. ಇಂದಿಗೂ ಕಚೇರಿಯ ಕಡತ ತೆಗೆದು ಅಧ್ಯಕ್ಷರ ಸಹಿ, ಮೊಹರುಗಳನ್ನು ನೆಟ್ಟಗೆ ಹಿಡಿದು ನೋಡಿದರೆ, ಆ ಮನೆ ಮಾಳಿಗೆಯನ್ನು ನೆಲಕ್ಕೂರಿ, ಪಾಯವನ್ನು ಆಕಾಶಕ್ಕೆ ಎತ್ತಿ ನಿಂತಿರುವುದು ಕಾಣುತ್ತದೆ. ಹಾಗೆ ನಿಂತಿರಲು ಅದಕ್ಕೆ ಸಮಿತಿಯ ಪೂರ್ಣ ಮಂಜೂರಾತಿ ಇದೆ.